ದೇವರನಾಮಗಳ ಧಾತುನಿರ್ಣಯ

೧

ಹಳಗನ್ನಡ ಕಾವ್ಯವೊಂದನ್ನು ಸಂಪಾದಿಸಲು ಹೊರಟ ವಿದ್ವಾಂಸನು ದೊರೆತ ಓಲೆಯ ಪ್ರತಿಗಳನ್ನೆಲ್ಲ ಎದುರಿಗಿಟ್ಟುಕೊಂಡು, ಒಂದೊಂದು ಪಾಠವನ್ನೂ ತೂಗಿ ನೋಡಿ, ಇದು ಕವಿಯದು, ಇದು ಲಿಪಿಕಾರನ ಪ್ರಮಾದದಿಂದ ಬಂದುದು ಎಂದು ನಿರ್ಣಯಿಸುತ್ತಾನೆ. ತನ್ನ ನಿರ್ಣಯಕ್ಕೆ ಕಾರಣಗಳನ್ನು ಪೀಠಿಕೆಯಲ್ಲಿಯೂ ಅಡಿಟಿಪ್ಪಣಿಯಲ್ಲಿಯೂ ಕಾಣಿಸುತ್ತಾನೆ. ಒಪ್ಪದವರು ಆ ಕಾರಣಗಳನ್ನು ಹಿಡಿದು ವಾದಿಸಬಹುದು. ಸಂಗೀತಗಾರನೂ ಸಭೆಗೆ ಬರುವ ಮೊದಲು ಹೆಚ್ಚುಕಡಮೆ ಇಂಥದೇ ಕೆಲಸವನ್ನು ಮಾಡುತ್ತಾನೆ. ಯಾವ ಪಾಠಾಂತರವನ್ನು ಹಿಡಿಯಬೇಕು, ಎಷ್ಟು ಚರಣಗಳನ್ನು ಹಾಡಬೇಕು, ಕಾಲಪ್ರಮಾಣ ಯಾವುದು, ಸಾಹಿತ್ಯದ ಪದಗಳು ತಾಳದ ಯಾವ ಎಡೆಯಲ್ಲಿ ಬೀಳಬೇಕು, ಯಾವ ಸಂಗತಿಯನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬ ಪ್ರಶ್ನೆಗಳೆಲ್ಲ ಅವನ ಮುಂದೆ ನಿಲ್ಲುತ್ತವೆ. ಆದರೆ ಅವನ ನಿರ್ಣಯಗಳಿಗೆ ಅಡಿಟಿಪ್ಪಣಿಯಿಲ್ಲ. ಸಭಿಕರ ಕಿವಿಗೆ ಬೀಳುವುದು ವಿಚಾರದ ಫಲವೇ ಹೊರತು ವಿಚಾರವಲ್ಲ. ಆದಕಾರಣ ಗಾಯಕನು ಹಾಡಿದ್ದೇ ರಚನೆ ಎಂಬ ಭ್ರಾಂತಿ ಸುಲಭವಾಗಿ ಹುಟ್ಟುತ್ತದೆ.

ಈ ಭ್ರಾಂತಿಯಿಂದ ಸಂಗೀತಕ್ಕೆ ಆಗುವ ಹಾನಿಯಷ್ಟೇ ಸಾಹಿತ್ಯಕ್ಕೂ ಆಗುತ್ತದೆ. ಕನ್ನಡದ ಮಟ್ಟಿಗೆ ಇದು ದಾಸಸಾಹಿತ್ಯದ ವಿಷಯದಲ್ಲಿ ಬಹು ಸ್ಪಷ್ಟವಾಗಿ ಕಾಣುತ್ತದೆ. ಹರಿದಾಸರ ಪದಗಳನ್ನು ನಾವು ಓದಿ ತಿಳಿದುದಕ್ಕಿಂತ ಕೇಳಿ ತಿಳಿದುದೇ ಹೆಚ್ಚು. ಹಾಗೆ ಕೇಳಿದುದರಲ್ಲಿ ದಾಸರದೆಷ್ಟು, ನಡುವಣ ಪರಂಪರೆಯದೆಷ್ಟು, ಇಂದಿನ ಗಾಯಕನದೆಷ್ಟು ಎಂಬುದನ್ನು ವಿಂಗಡಿಸಿ ನೋಡಿ, ಗಾಯಕನ ನಿರ್ಣಯಕ್ಕೆ ಒಂದು ಕ್ರಮವಿರಬಹುದೇ ಎಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ.

ಮುಂದಿನ ವಿಚಾರಕ್ಕೆ ಎರಡು ಪ್ರಾಚೀನ ಪರಿಭಾಷೆಗಳು ಬೇಕಾಗುತ್ತವೆ. ಗೇಯದಲ್ಲಿ ಸ್ವರಸಂನಿವೇಶಕ್ಕೆ ಧಾತುವೆಂದೂ, ಅದನ್ನು ಹೊತ್ತ ಪದಸಂನಿವೇಶಕ್ಕೆ ಮಾತುವೆಂದೂ ಲಾಕ್ಷಣಿಕರು ಹೆಸರಿಟ್ಟಿದ್ದಾರೆ. ಈಗಿನ ಬಳಕೆಯ ಮಾತಿನಲ್ಲಿ ಮೊದಲನೆಯದು ವರ್ಣಮೆಟ್ಟು, ಎರಡನೆಯದು ಸಾಹಿತ್ಯ.

೨

ಗಾಯಕನಿಗೂ ರಚನೆಗೂ ಇರತಕ್ಕ ಸಂಬಂಧವೇನೆಂಬ ಪ್ರಶ್ನೆ ನಮ್ಮ ದೇಶದಲ್ಲಿ ಹೊಸದಲ್ಲ. ದೇವಗಿರಿಯ ಯಾದವ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ಕ್ರಿಸ್ತಶಕ ೧೩ನೆಯ ಶತಮಾನದಲ್ಲಿ ರಚಿಸಿದ 'ಸಂಗೀತರತ್ನಾಕರ'ದ ಪ್ರಕೀರ್ಣಕಾಧ್ಯಾಯದಲ್ಲಿ ಗಾಯಕರನ್ನು ಐದು ಬಗೆಯಾಗಿ ವಿಂಗಡಿಸಿದ್ದಾನೆ: ಶಿಕ್ಷಾಕಾರ, ಅನುಕಾರ, ರಸಿಕ, ರಂಜಕ, ಭಾವಕ. ಲೋಪವಿಲ್ಲದೆ ಕಲಿಸಬಲ್ಲವನು ಶಿಕ್ಷಾಕಾರ. ಮತ್ತೊಬ್ಬನ ರೀತಿಯನ್ನು ಅನುಸರಿಸುವವನು ಅನುಕಾರ. ತಾನೇ ರಸಾವಿಷ್ಟನಾಗಿ ಹಾಡುವವನು ರಸಿಕ. ಕೇಳುವವರನ್ನು ರಂಜಿಸುವವನು ರಂಜಕ. ಗೀತಕ್ಕೆ ಒಂದು ಅತಿಶಯವನ್ನು ತಂದುಕೊಡುವವನು ಭಾವಕ. ಈ ವಿಭಾಗವನ್ನು ನೋಡಿದರೆ, ಗುರುವು ಕೊಟ್ಟುದನ್ನು ಹಾಗೆಯೇ ಒಪ್ಪಿಸುವುದೊಂದೇ ಗಾಯಕಧರ್ಮವೆಂದು ಪ್ರಾಚೀನರು ಎಣಿಸಿರಲಿಲ್ಲವೆಂಬುದು ವ್ಯಕ್ತವಾಗುತ್ತದೆ. ಅನುಕಾರನಿಗೂ ಎಡೆಯುಂಟು, ಭಾವಕನಿಗೂ ಎಡೆಯುಂಟು. ಆದರೆ ಭಾವಕನು ಅತಿಶಯವನ್ನು ತರುವುದು ಗೀತಕ್ಕೆ. ಗೀತವು ಮೊದಲು ಇರಬೇಕು, ಅತಿಶಯವು ಅದರ ಮೇಲೆ ಬರಬೇಕು. ಈ ಪೌರ್ವಾಪರ್ಯವನ್ನು ನಾವು ಮರೆಯತಕ್ಕದ್ದಲ್ಲ.

ಅದೇ ಗ್ರಂಥದಲ್ಲಿ ವಾಗ್ಗೇಯಕಾರನ ಲಕ್ಷಣವೂ ಇದೆ. ಧಾತು ಮಾತು ಎರಡನ್ನೂ ತಾನೇ ನಿರ್ಮಿಸುವವನು ವಾಗ್ಗೇಯಕಾರ. ಅನ್ಯನ ಧಾತುವಿಗೆ ತಾನು ಮಾತನ್ನು ಜೋಡಿಸುವವನಿಗೆ ಕುಟ್ಟಿಕಾರನೆಂದು ಹೆಸರು. ಇಂದು ದಾಸರ ಪದಕ್ಕೆ ಹೊಸದಾಗಿ ವರ್ಣಮೆಟ್ಟನ್ನು ಹಾಕುವ ಸಂಗೀತಗಾರನು ಇದಕ್ಕೆ ವಿಲೋಮವಾದ ಕೆಲಸವನ್ನು ಮಾಡುತ್ತಾನೆ. ಅನ್ಯನ ಮಾತಿಗೆ ತನ್ನ ಧಾತುವನ್ನು ಕೂಡಿಸುತ್ತಾನೆ. ಕುಟ್ಟಿಕಾರನನ್ನು ಪೂರ್ವಿಕರು ಕುಟ್ಟಿಕಾರನೆಂದೇ ಕರೆದರು. ಅವನನ್ನು ವಾಗ್ಗೇಯಕಾರನೊಡನೆ ಬೆರಸಿ ಹೇಳಲಿಲ್ಲ. ಈ ವಿವೇಕವು ನಮ್ಮ ಕಾಲದಲ್ಲಿ ಸಡಿಲಿಹೋಗಿರುವಂತೆ ತೋರುತ್ತದೆ.

೩

ದೇವರನಾಮಗಳ ವಿಚಾರಕ್ಕೆ ಮೊದಲು, ಧಾತುವು ಪರಂಪರೆಯಿಂದ ಉಳಿದುಬಂದಿರುವ ಕೃತಿಗಳ ವಿಷಯದಲ್ಲಿ ಗಾಯಕನು ಹೇಗೆ ನಿರ್ಣಯಿಸುತ್ತಾನೆಂಬುದನ್ನು ನೋಡುವುದು ಒಳ್ಳೆಯದು. ಹೋಲಿಕೆಯಿಂದ ನಮ್ಮ ವಿಷಯವು ತಿಳಿಯಾಗುತ್ತದೆ.

ತ್ಯಾಗರಾಜರು (೧೭೬೭–೧೮೪೭) ಧಾತು ಮಾತು ಎರಡನ್ನೂ ತಾವೇ ರಚಿಸಿ ಶಿಷ್ಯರಿಗೆ ಮುಖತಃ ಪಾಠ ಹೇಳಿದರು. ಅವರ ಶಿಷ್ಯಪರಂಪರೆಗಳಲ್ಲಿ ವಾಲಾಜಾಪೇಟೆ, ಉಮಯಾಳ್ಪುರ, ತಿಲ್ಲೈಸ್ಥಾನ ಎಂಬ ಮೂರು ಪ್ರಸಿದ್ಧವಾಗಿವೆ. ವಾಲಾಜಾಪೇಟೆಯ ವೆಂಕಟರಮಣ ಭಾಗವತರ ಮನೆತನದ ಹಸ್ತಪ್ರತಿಗಳು ಮಧುರೆಯ ಸೌರಾಷ್ಟ್ರ ಸಭೆಯಲ್ಲಿ ರಕ್ಷಿತವಾದುವು. ಕನ್ನಡ ನಾಡಿಗೂ ಈ ವಿದ್ಯೆ ಒಂದಕ್ಕಿಂತ ಹೆಚ್ಚು ದಾರಿಗಳಿಂದ ಬಂದಿತು. ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿದ್ದ ಸದಾಶಿವರಾಯರು ವೆಂಕಟರಮಣ ಭಾಗವತರ ಶಿಷ್ಯರು. ವೀಣೆ ಶೇಷಣ್ಣನವರು (೧೮೫೨–೧೯೨೬) ಸದಾಶಿವರಾಯರಲ್ಲಿ ಪಾಠ ಹೇಳಿಸಿಕೊಂಡವರು. ಮತ್ತೊಂದು ಕಡೆಯಿಂದ, ತ್ಯಾಗರಾಜರ ಬಂಧುಗಳೂ ಶಿಷ್ಯರೂ ಆದ ಮಾನಂಬುಚಾವಡಿ ವೆಂಕಟಸುಬ್ಬಯ್ಯನವರ ಶಿಷ್ಯರು ಪಟ್ಣಂ ಸುಬ್ರಹ್ಮಣ್ಯ ಅಯ್ಯರವರು (೧೮೪೫–೧೯೦೨), ಅವರ ಶಿಷ್ಯರು ಮೈಸೂರು ವಾಸುದೇವಾಚಾರ್ಯರು (೧೮೬೫–೧೯೬೧). ಹೀಗೆ ಒಂದೇ ಮೂಲದಿಂದ ಹೊರಟ ಕೃತಿ ಎರಡು ದಾರಿಗಳಲ್ಲಿ ನಡೆದು ಒಂದೇ ಊರಿಗೆ ಬಂದು ಸೇರಿದಾಗ, ಎರಡು ಪಾಠಗಳೂ ಅಕ್ಷರಶಃ ಒಂದೇ ಆಗಿರಬೇಕೆಂದು ನಿರೀಕ್ಷಿಸುವಂತಿಲ್ಲ. ಒಂದರಲ್ಲಿ ಸಂಗತಿಗಳು ಹೆಚ್ಚಿರಬಹುದು, ಮತ್ತೊಂದರಲ್ಲಿ ಎಡುಪು ಬೇರೆಯಾಗಿರಬಹುದು. ಮೂಲಕರ್ತೃವಿನ ಸಂಗತಿಗಳಿಗೆ ಶಿಷ್ಯಪ್ರಶಿಷ್ಯರು ತಮ್ಮವನ್ನು ಸೇರಿಸುತ್ತ ಬಂದರೆಂಬುದು ಸಂಗೀತಗಾರರೆಲ್ಲರೂ ಒಪ್ಪುವ ಸಂಗತಿ.

ಇಲ್ಲಿ ಗಾಯಕನ ಮೊದಲನೆಯ ಪ್ರಮಾಣ ಗುರುಮುಖ. ಎರಡನೆಯದು ಲಿಖಿತ. ಸುಬ್ಬರಾಮ ದೀಕ್ಷಿತರು ೧೯೦೪ರಲ್ಲಿ ಎಟ್ಟಯಪುರದಲ್ಲಿ ತೆಲುಗು ಲಿಪಿಯಲ್ಲಿ ಪ್ರಕಟಿಸಿದ 'ಸಂಗೀತ ಸಂಪ್ರದಾಯ ಪ್ರದರ್ಶಿನಿ'ಯು ಈ ಲಿಖಿತ ಪ್ರಮಾಣಗಳಲ್ಲಿ ಅಗ್ರಗಣ್ಯವಾದುದು. ಅದರಲ್ಲಿ ಸ್ವರಗಳಲ್ಲದೆ ಗಮಕಗಳಿಗೂ ಪ್ರತ್ಯೇಕ ಚಿಹ್ನೆಗಳಿವೆ. ಕಂಪಿತವೆಲ್ಲಿ, ಜಾರು ಎಲ್ಲಿ, ಸ್ಫುರಿತವೆಲ್ಲಿ ಎಂಬುದನ್ನು ಬರೆಹದಲ್ಲಿ ಹಿಡಿಯಲು ಮಾಡಿದ ಮಹಾಪ್ರಯತ್ನವದು. ಗುರುಮುಖಕ್ಕೂ ಲಿಖಿತಕ್ಕೂ ವಿರೋಧ ಬಂದಾಗ ಏನು ಮಾಡಬೇಕೆಂಬುದೇ ಗಾಯಕನ ನಿಜವಾದ ಕಷ್ಟ.

ಒಂದು ಉದಾಹರಣೆಯನ್ನು ನೋಡೋಣ. ಆಭೇರಿ ರಾಗದಲ್ಲಿ ಮುತ್ತುಸ್ವಾಮಿ ದೀಕ್ಷಿತರ 'ವೀಣಾಭೇರೀ' ಎಂಬ ಕೃತಿಯಿದೆ. ಅಲ್ಲಿ ಧೈವತ ಶುದ್ಧ. ತ್ಯಾಗರಾಜರ 'ನಗುಮೋಮು' ಎಂಬ ಕೃತಿಯನ್ನೂ ಆಭೇರಿಯೆಂದೇ ಹೇಳುತ್ತಾರೆ. ಹಿಂದೆ ಇದನ್ನೂ ಶುದ್ಧಧೈವತದಿಂದ ಹಾಡುತ್ತಿದ್ದರು. ಈಗ ಸಭೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುವುದು ಚತುಶ್ಶ್ರುತಿ ಧೈವತ. ಮೈಸೂರಿನಲ್ಲಿ ವಾಸುದೇವಾಚಾರ್ಯರು ಆಭೇರಿಯಲ್ಲಿ ರಚಿಸಿದ 'ಭಜರೇ ರೇ ಮಾನಸ' ಎಂಬ ಕೃತಿಯೂ ಚತುಶ್ಶ್ರುತಿ ಧೈವತದ್ದೇ. ಮುಸಿರಿ ಸುಬ್ರಹ್ಮಣ್ಯ ಅಯ್ಯರವರು (೧೮೯೯–೧೯೭೫) 'ನಗುಮೋಮು'ವನ್ನು ಈ ಧೈವತದಿಂದ ಹಾಡಿದ ಗ್ರಾಮಾಫೋನ್ ಮುದ್ರಿಕೆಯು ಮನೆಮನೆಗೂ ಹೋದ ಮೇಲೆ, ಹೊಸ ಪಾಠವೇ ಲೋಕಪಾಠವಾಯಿತು. ಒಂದು ಸ್ವರಸ್ಥಾನ ಬದಲಾದ ಮಾತ್ರಕ್ಕೆ ರಾಗವು ೨೦ನೆಯ ಮೇಳದಿಂದ ೨೨ನೆಯ ಮೇಳಕ್ಕೆ ಹೋಗುತ್ತದೆ. ಶೋಕದ ಛಾಯೆ ಹೋಗಿ ಬೇರೊಂದು ಬೆಳಕು ಬರುತ್ತದೆ. ಇಂದು ಈ ಕೃತಿಯನ್ನು ಎತ್ತಿಕೊಳ್ಳುವ ಗಾಯಕನು ಯಾವ ಧೈವತವನ್ನು ಹಿಡಿದರೂ ಅವನಿಗೆ ಆಧಾರವುಂಟು. ಒಂದಕ್ಕೆ ಪ್ರಾಚೀನತೆಯ ಆಧಾರ, ಮತ್ತೊಂದಕ್ಕೆ ಸಮೀಪದ ಗುರುಗಳ ಆಧಾರ. ಯಾವುದನ್ನು ಹಿಡಿದರೂ ದೋಷವಿಲ್ಲವೆಂದೇ ಹೇಳಬೇಕು. ಇದು ತ್ಯಾಗರಾಜರ ಕಾಲದಿಂದ ಬದಲಾಗದೆ ಬಂದ ಪಾಠವೆಂದು ಶಿಷ್ಯರಿಗೆ ಹೇಳಿದರೆ ಮಾತ್ರ ದೋಷ.

ಇಂಥ ವಿವಾದಗಳನ್ನು ಬಹಿರಂಗವಾಗಿ ಚರ್ಚಿಸುವ ಪದ್ಧತಿಯೂ ನಮ್ಮಲ್ಲಿ ಬೆಳೆಯಿತು. ೧೯೨೮ರಲ್ಲಿ ಸ್ಥಾಪಿತವಾದ ಮದರಾಸಿನ ಸಂಗೀತ ಅಕಾಡೆಮಿಯ ವಾರ್ಷಿಕ ಸಮ್ಮೇಳನಗಳಲ್ಲಿ ವಿದ್ವಾಂಸರು ರಾಗಲಕ್ಷಣಗಳನ್ನು ಕುರಿತು ಚರ್ಚಿಸಿದರು. ಅವರವರ ಪರಂಪರೆಯ ಪಾಠಗಳನ್ನು ಹಾಡಿ ತೋರಿಸಿದರು. ಗಾಯಕನ ಮನಸ್ಸಿನಲ್ಲಿ ಅಡಗಿದ್ದ ಅಡಿಟಿಪ್ಪಣಿಗಳು ಆಗ ಒಂದಿಷ್ಟು ಹೊರಬಿದ್ದುವು.

೪

ದಾಸರ ಪದಗಳ ಸ್ಥಿತಿ ಇದಕ್ಕಿಂತ ಬಹಳ ಭಿನ್ನವಾದುದು. ಪುರಂದರದಾಸರ ಕಾಲವನ್ನು ಸಂಪ್ರದಾಯವು ೧೪೮೪ರಿಂದ ೧೫೬೪ ಎಂದು ಹೇಳುತ್ತದೆ. ಅವರನ್ನು ಕರ್ಣಾಟಕ ಸಂಗೀತದ ಪಿತಾಮಹರೆಂದು ಗೌರವಿಸುತ್ತೇವೆ. ಮಾಯಾಮಾಳವಗೌಳದ ಸರಳೆವರಿಸೆಗಳೂ ಮಲಹರಿಯ ಪಿಳ್ಳಾರಿ ಗೀತಗಳೂ ಅವರಿಂದಲೇ ಬಂದುವೆಂದು ಪಾಠ ಹೇಳುವವರೆಲ್ಲರೂ ಹೇಳುತ್ತಾರೆ. ತ್ಯಾಗರಾಜರು ತಮ್ಮ 'ಪ್ರಹ್ಲಾದ ಭಕ್ತಿ ವಿಜಯ'ದ ಆರಂಭದಲ್ಲಿ ಅವರನ್ನು ಸ್ತುತಿಸಿದ್ದಾರೆ. ತಂಜಾವೂರಿನ ಅರಸನಾದ ತುಳಜನು ಕ್ರಿಸ್ತಶಕ ೧೮ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ 'ಸಂಗೀತಸಾರಾಮೃತ'ದಲ್ಲಿ ರಾಗಗಳಿಗೆ ಲಕ್ಷ್ಯವಾಗಿ ಪುರಂದರದಾಸರ ಸುಳಾದಿಗಳನ್ನು ಎತ್ತಿಕೊಂಡಿದ್ದಾನೆ. ಲಕ್ಷಣಗ್ರಂಥವೊಂದು ಕನ್ನಡ ದಾಸರ ರಚನೆಯನ್ನು ಪ್ರಮಾಣವಾಗಿ ಹಿಡಿಯಬೇಕಾದರೆ, ಆ ರಚನೆಗಳ ಧಾತು ಆಗ ವಿದ್ವಾಂಸರಿಗೆ ತಿಳಿದಿತ್ತೆಂಬುದು ಸ್ಪಷ್ಟ. ಆದರೆ ಆ ಸುಳಾದಿಗಳೇ ಇಂದಿನ ಕಚೇರಿಗಳಲ್ಲಿ ಅಪೂರ್ವವಾಗಿಬಿಟ್ಟಿವೆ. ಇಂದು ಸಭೆಗಳಲ್ಲಿ ಹಾಡುವ ಬಿಡಿ ಪದಗಳಿಗಾದರೋ ದಾಸರ ಕಾಲದ ಸ್ವರಲಿಪಿಯಿಲ್ಲ. ಉಳಿದಿರುವುದು ಮಾತು. ಅದರ ತಲೆಯ ಮೇಲೆ ಒಂದು ರಾಗದ ಹೆಸರು, ಒಂದು ತಾಳದ ಹೆಸರು.

ಪದಗಳನ್ನು ಮೊದಲು ಅಚ್ಚಿಗೆ ತಂದವರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್ ಪಂಡಿತನು ಮುಖ್ಯನು. ಅವನ ಸಂಗ್ರಹವು ೧೮೫೦ರಲ್ಲಿ ಹೊರಬಂದಿತು. ಅನಂತರ ಉಡುಪಿಯಲ್ಲಿ ಪಾವಂಜೆ ಗುರುರಾಯರೂ, ಬೆಂಗಳೂರಿನಲ್ಲಿ ಸುಬೋಧ ರಾಮರಾಯರೂ, ಲಿಂಗಸುಗೂರಿನಲ್ಲಿ ಗೊರೆಬಾಳು ಹನುಮಂತರಾಯರೂ ಬಹು ಶ್ರಮದಿಂದ ಪದಗಳನ್ನು ಕೂಡಿಹಾಕಿ ಪ್ರಕಟಿಸಿದರು. ಈ ಸಂಗ್ರಹಗಳನ್ನು ಹೋಲಿಸಿ ನೋಡಿದವರಿಗೆ ಒಂದೇ ಪದಕ್ಕೆ ಬೇರೆ ಬೇರೆ ಪುಸ್ತಕಗಳಲ್ಲಿ ಬೇರೆ ಬೇರೆ ರಾಗಗಳ ಹೆಸರು ಸಿಕ್ಕುವುದು ವಾಡಿಕೆಯ ಅನುಭವ. ಮಾತಿನಲ್ಲಿ ಭೇದವು ಕೆಲವು ಅಕ್ಷರಗಳಷ್ಟೇ ಇರುವಲ್ಲಿಯೂ ರಾಗದಲ್ಲಿ ಭೇದವು ಪೂರ್ಣವಾಗಿರಬಹುದು. ಆದಕಾರಣ ತಲೆಬರೆಹದ ರಾಗವನ್ನು ದಾಸರ ಸಂಕಲ್ಪವೆಂದು ಹಿಡಿಯುವುದಕ್ಕಿಂತ, ಪ್ರತಿ ಮಾಡಿದವರ ಕಾಲದೇಶಗಳಲ್ಲಿ ಆ ಪದವನ್ನು ಹೇಗೆ ಹಾಡುತ್ತಿದ್ದರೆಂಬುದಕ್ಕೆ ಸಾಕ್ಷಿಯೆಂದು ಹಿಡಿಯುವುದು ಯುಕ್ತ.

ರಾಗದ ಹೆಸರು ಒಂದೇ ಆದರೂ ರಾಗವು ಒಂದೇ ಎಂದು ಹೇಳಲಾಗದು. ಮೇಲೆ ಆಭೇರಿಯನ್ನು ನೋಡಿದೆವು. ಕಲ್ಯಾಣಿಯ ಚರಿತ್ರೆಯೂ ಹೀಗೆಯೇ ಬೋಧಪ್ರದವಾದುದು. ೧೭ನೆಯ ಶತಮಾನದಲ್ಲಿ ವೆಂಕಟಮಖಿಯು ತನ್ನ 'ಚತುರ್ದಂಡಿಪ್ರಕಾಶಿಕೆ'ಯಲ್ಲಿ ಕಲ್ಯಾಣಿಯನ್ನು ತುರುಷ್ಕರಿಗೆ ಪ್ರಿಯವಾದುದೆಂದೂ, ಗೀತ ಠಾಯ ಪ್ರಬಂಧಗಳಿಗೆ ಯೋಗ್ಯವಲ್ಲವೆಂದೂ ಹೇಳಿದ್ದಾನೆ. ಇಂದು ಕಲ್ಯಾಣಿಯಿಲ್ಲದ ಕಚೇರಿಯನ್ನು ಊಹಿಸುವುದೇ ಕಷ್ಟ. ಶಾಸ್ತ್ರಜ್ಞನೊಬ್ಬನು ಹೀಗೆ ದೂರವಿಟ್ಟ ರಾಗವು, ಅವನಿಗಿಂತ ಸುಮಾರು ನೂರು ವರ್ಷ ಹಿಂದಿನ ದಾಸರ ಪದಗಳ ತಲೆಯ ಮೇಲೆ ಕಂಡುಬಂದರೆ, ಆ ತಲೆಬರೆಹವು ದಾಸರ ಕಾಲದ್ದೇ ಎಂದು ಒಪ್ಪುವ ಮೊದಲು ವಿಚಾರಮಾಡಬೇಕು. ಲಕ್ಷಣಕಾರನ ಮಾತು ವಿದ್ವತ್ಸಭೆಗೆ ಸಂಬಂಧಪಟ್ಟುದು, ದಾಸರು ಬೀದಿಯಲ್ಲಿ ಹಾಡಿದವರು ಎಂಬ ಸಮಾಧಾನವನ್ನು ಹೇಳಬಹುದು. ಆ ಸಮಾಧಾನಕ್ಕೂ ಆಧಾರ ಬೇಕು.

ಹೀಗೆ ಧಾತುವು ಕೈಬಿಟ್ಟುಹೋದ ಪದಗಳು ವಿದ್ವತ್ಸಭೆಗೆ ಮರಳಿ ಬಂದುದು ಗಾಯಕರ ಸಾಹಸದಿಂದ. ಈ ವಿಷಯದಲ್ಲಿ ಮೈಸೂರಿನ ಬಿಡಾರಂ ಕೃಷ್ಣಪ್ಪನವರನ್ನು (೧೮೬೬–೧೯೩೧) ಮೊದಲು ನೆನೆಯಬೇಕು. ಕಚೇರಿಯ ಕೊನೆಗೆ ಲಘುವಾಗಿ ಹಾಡಿ ಮುಗಿಸುವ ವಸ್ತುವಾಗಿದ್ದ ದೇವರನಾಮಕ್ಕೆ ಕೃತಿಗೆ ಸಲ್ಲುವ ಗೌರವವನ್ನು ಕೊಟ್ಟು, ರಾಗಾಲಾಪನೆ ಸ್ವರಪ್ರಸ್ತಾರಗಳಿಂದ ಅದನ್ನು ವಿಸ್ತರಿಸಿ ಹಾಡಿದರೆಂಬ ಕೀರ್ತಿ ಅವರದು. ಅನಂತರ ಬಿ. ಎಸ್. ರಾಜಯ್ಯಂಗಾರರು ಕಾಪಿಯಲ್ಲಿ ಹಾಡಿದ 'ಜಗದೋದ್ಧಾರನ' ಎಂಬ ಪದವು ಗ್ರಾಮಾಫೋನ್ ಮುದ್ರಿಕೆಯ ಮೂಲಕ ದಕ್ಷಿಣದೇಶವನ್ನೆಲ್ಲ ವ್ಯಾಪಿಸಿತು. ಈಗ ಆ ಪದಕ್ಕೂ ಆ ರಾಗಕ್ಕೂ ಇರುವ ನಂಟು ಎಷ್ಟು ಬಿಗಿಯೆಂದರೆ, ಬೇರೆ ರಾಗದಲ್ಲಿ ಹಾಡಿದರೆ ಸಭಿಕರು ತಪ್ಪೆಂದೇ ತಿಳಿದಾರು. ಆದರೆ ಆ ಕಾಪಿಯು ಹಿಂದೂಸ್ಥಾನೀ ಛಾಯೆಯನ್ನು ಹೊಂದಿ, ಅನ್ಯಸ್ವರಗಳನ್ನು ಒಳಗೊಂಡು ಬೆಳೆದ ಈಚಿನ ಕಾಪಿ. ಪುರಂದರದಾಸರು ಇದನ್ನೇ ಹಾಡಿದರೆನ್ನಲು ಸಾಧ್ಯವಿಲ್ಲ. ವ್ಯಾಸರಾಯರ 'ಕೃಷ್ಣಾ ನೀ ಬೇಗನೆ' ಎಂಬ ಪದವು ಯಮುನಾಕಲ್ಯಾಣಿಯಲ್ಲಿ ವಿಲಂಬವಾಗಿ ನಡೆದು, ಟಿ. ಬಾಲಸರಸ್ವತಿಯವರ (೧೯೧೮–೧೯೮೪) ಅಭಿನಯದಿಂದ ಕನ್ನಡವನ್ನರಿಯದ ದೇಶಗಳಲ್ಲಿಯೂ ಮಾನ್ಯವಾಯಿತು. ಅಲ್ಲಿ ಪದದ ನಿಧಾನಗತಿಯು ಅಭಿನಯಕ್ಕೆ ಎಡೆಮಾಡಿಕೊಟ್ಟಿತು. ಅದೇ ಪದವನ್ನು ಭಜನೆಯ ಗೋಷ್ಠಿಯಲ್ಲಿ ಬೇಗನೆ ಹಾಡುವಾಗ ಆಗುವ ಅನುಭವವೇ ಬೇರೆ. ಉತ್ತರಕರ್ನಾಟಕದಲ್ಲಿ ಭೀಮಸೇನ ಜೋಶಿಯವರು (೧೯೨೨–೨೦೧೧) ದಾಸವಾಣಿಯನ್ನು ಹಿಂದೂಸ್ಥಾನೀ ಪದ್ಧತಿಯಲ್ಲಿ ಹಾಡಿ ಜನಮನವನ್ನು ಸೆಳೆದರು. ಒಂದೇ ದಾಸಸಾಹಿತ್ಯಕ್ಕೆ ಎರಡು ಸಂಗೀತಪದ್ಧತಿಗಳೂ ಧಾತುವನ್ನು ಕೊಡಬಲ್ಲವೆಂಬುದೇ, ಮೂಲಧಾತುವಿನ ಕಟ್ಟು ಎಷ್ಟರಮಟ್ಟಿಗೆ ಬಿಟ್ಟುಹೋಗಿದೆಯೆಂಬುದಕ್ಕೆ ಸಾಕ್ಷಿ.

೫

ಹಾಗಾದರೆ ದೇವರನಾಮವನ್ನು ಎತ್ತಿಕೊಳ್ಳುವ ಗಾಯಕನಿಗೆ ಆಧಾರವೇ ಇಲ್ಲವೇ? ಇದೆ, ಆದರೆ ಅದು ಧಾತುವಿನಲ್ಲಿಲ್ಲ, ಮಾತಿನಲ್ಲಿದೆ. ಗಾಯಕನು ಸಾಮಾನ್ಯವಾಗಿ ರಾಗದಿಂದ ಹೊರಟು ಸಾಹಿತ್ಯಕ್ಕೆ ಬರುತ್ತಾನೆ. ದೇವರನಾಮದ ವಿಷಯದಲ್ಲಿ ಸಾಹಿತ್ಯದಿಂದ ಹೊರಟು, ತಾಳದ ಮೂಲಕ, ರಾಗಕ್ಕೆ ಬರಬೇಕೆಂಬುದು ನಮ್ಮ ಅಭಿಪ್ರಾಯ. ಯಾವುದಕ್ಕೆ ಪ್ರಮಾಣ ಹೆಚ್ಚೋ ಅದು ಮೊದಲು. ಯಾವುದಕ್ಕೆ ಪ್ರಮಾಣ ಕಡಮೆಯೋ ಅದು ಕೊನೆಗೆ. ಇದನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಚರಣಗಳ ಆಯ್ಕೆ. ಪದವೊಂದಕ್ಕೆ ಐದೋ ಏಳೋ ಚರಣಗಳಿದ್ದರೆ ಕಚೇರಿಯಲ್ಲಿ ಹಾಡುವುದು ಎರಡೋ ಮೂರೋ. ಅಂಕಿತವಿರುವ ಕೊನೆಯ ಚರಣವನ್ನು ಬಿಡಬಾರದೆಂಬ ಸಂಪ್ರದಾಯವುಂಟು. ಆದ್ದರಿಂದ ಮೊದಲನೆಯದು, ನಡುವಣದೊಂದು, ಕೊನೆಯದು ಎಂದು ಹಾಡಿ ಮುಗಿಸುವುದು ರೂಢಿ. ಆದರೆ ಅನೇಕ ಪದಗಳಲ್ಲಿ ಚರಣಗಳು ಬಿಡಿಮುತ್ತುಗಳಲ್ಲ. ಒಂದು ವಾದವನ್ನೋ ಒಂದು ಕಥೆಯನ್ನೋ ಮೆಟ್ಟಲು ಮೆಟ್ಟಲಾಗಿ ಏರಿಸಿಕೊಂಡು ಹೋಗುತ್ತವೆ. ಒಂದು ಚರಣದಲ್ಲಿ ಪ್ರಶ್ನೆ, ಮುಂದಿನದರಲ್ಲಿ ಉತ್ತರವಿರುವಾಗ ಪ್ರಶ್ನೆಯನ್ನು ಹಾಡಿ ಉತ್ತರವನ್ನು ಬಿಟ್ಟರೆ ದಾಸರ ಅಭಿಪ್ರಾಯವೇ ತಲೆಕೆಳಗಾಗುತ್ತದೆ. ನಿಂದಾಸ್ತುತಿಗಳಲ್ಲಿ ಈ ಅಪಾಯ ಹೆಚ್ಚು. ನಿಂದೆಯ ಚರಣಗಳು ಚಮತ್ಕಾರವಾಗಿರುವುದರಿಂದ ಅವೇ ಉಳಿದು, ಅವುಗಳ ಮರ್ಮವನ್ನು ಬಿಡಿಸುವ ಚರಣವು ಹೊರಗುಳಿಯುತ್ತದೆ.

ಎರಡನೆಯದು ಪದಚ್ಛೇದ. ತಾಳದ ಆವರ್ತಕ್ಕೆ ಪದಗಳನ್ನು ಹೊಂದಿಸುವಾಗ ನಿಲುಗಡೆ ಎಲ್ಲಿ ಬೀಳುತ್ತದೆಂಬುದನ್ನು ಗಾಯಕನು ನೋಡಿಕೊಳ್ಳಬೇಕು. 'ಕಮಲನಯನ' ಎಂಬ ಸಮಾಸವನ್ನು 'ಕಮಲನ' ಎಂದು ನಿಲ್ಲಿಸಿ 'ಯನ' ಎಂದು ಮುಂದುವರಿಸಿದರೆ ಕೇಳುವವರಿಗೆ ಉಳಿಯುವುದು ಅರ್ಥವಿಲ್ಲದ ಎರಡು ತುಂಡು. ಕನ್ನಡದಲ್ಲಿ ನಿಷೇಧವು ಕ್ರಿಯಾಪದದ ಬಾಲದಲ್ಲಿ ಅಡಗಿರುತ್ತದೆ. 'ಕೊಡದಿರು' ಎಂಬಲ್ಲಿ 'ಕೊಡ' ಎಂದು ನಿಂತು ಸಂಗತಿಗಳನ್ನು ಹಾಕಿದರೆ ಅದು ನೀರಿನ ಪಾತ್ರೆಯಾಗುತ್ತದೆ. ನೆರವಲಿಗೆ ಸಾಲನ್ನು ಆರಿಸುವಾಗಲೂ ಇದೇ ಎಚ್ಚರ ಬೇಕು. ಮತ್ತೆ ಮತ್ತೆ ಹಾಡಿ ಬೆಳಸುವ ಸಾಲು ತಾನಾಗಿ ಪೂರ್ಣವಾದ ವಾಕ್ಯವಾಗಿರಬೇಕು.

ಮೂರನೆಯದು ಹ್ರಸ್ವದೀರ್ಘಗಳು. ಸಂಸ್ಕೃತ ತೆಲುಗುಗಳ ಕೃತಿಗಳಲ್ಲಿರುವಂತೆ ಇಲ್ಲಿಯೂ ಗಾನದಲ್ಲಿ ಸ್ವರವನ್ನು ಎಳೆಯುವುದು ಅನಿವಾರ್ಯ. ಆದರೆ ಕನ್ನಡದಲ್ಲಿ 'ಬಲ' 'ಬಾಲ', 'ಮನ' 'ಮಾನ', 'ಹರಿ' 'ಹಾರಿ' ಇವು ಬೇರೆ ಬೇರೆ ಶಬ್ದಗಳು. ಎಳೆಯಬೇಕಾದಾಗ ದೀರ್ಘಾಕ್ಷರವಿರುವ ಎಡೆಯಲ್ಲಿ, ಇಲ್ಲವೆ ಪದದ ಕೊನೆಯಲ್ಲಿ ಎಳೆದರೆ ಅರ್ಥಹಾನಿ ತಪ್ಪುತ್ತದೆ. ಗಮಕವನ್ನು ಎಲ್ಲಿ ಇರಿಸಬೇಕೆಂಬ ನಿರ್ಣಯವು ಹೀಗೆ ವ್ಯಾಕರಣದ ನಿರ್ಣಯವೂ ಆಗುತ್ತದೆ.

ನಾಲ್ಕನೆಯದು ತಾಳ. ತಲೆಬರೆಹದ ರಾಗಕ್ಕೆ ಹೊರಗಿನ ಸಾಕ್ಷಿ ಸಿಕ್ಕುವುದು ಕಷ್ಟವೆಂದು ಹೇಳಿದೆವಷ್ಟೆ. ತಾಳಕ್ಕಾದರೋ ಸಾಕ್ಷಿ ಪದದ ಒಳಗೇ ಇದೆ. ಐದು ಮಾತ್ರೆಯ ಗಣಗಳಿಂದ ನಡೆಯುವ ಪದಕ್ಕೆ ಝಂಪೆಯೆಂದು ಬರೆದಿದ್ದರೆ ಛಂದಸ್ಸು ಅದನ್ನು ಸಮರ್ಥಿಸುತ್ತದೆ. ಮೂರು ನಾಲ್ಕು ಮಾತ್ರೆಗಳು ಸರದಿಯಾಗಿ ಬರುವ ಪದಕ್ಕೆ ತ್ರಿವುಡೆಯೆಂದಿದ್ದರೆ ಏಳರ ನಡೆ ಎದ್ದು ಕಾಣುತ್ತದೆ. ಪ್ರಾಸಾಕ್ಷರವು ಸಾಲಿನ ಎರಡನೆಯ ಅಕ್ಷರದಲ್ಲಿ ಬರುವುದರಿಂದ, ಸಾಲುಗಳು ತಾಳದ ಒಂದೇ ಎಡೆಯಲ್ಲಿ ಎತ್ತಿಕೊಂಡರೆ ಮಾತ್ರ ಪ್ರಾಸವು ಕಿವಿಗೆ ಮುಟ್ಟುತ್ತದೆ. ಒಂದು ಸಾಲು ಸಮದಲ್ಲಿಯೂ ಮುಂದಿನದು ಅನಾಗತದಲ್ಲಿಯೂ ಎತ್ತಿಕೊಂಡರೆ ಕವಿಯು ಶ್ರಮಪಟ್ಟು ತಂದ ಪ್ರಾಸ ವ್ಯರ್ಥವಾಗುತ್ತದೆ. ಇಂದು ಝಂಪೆ ಅಟ್ಟ ತ್ರಿವುಡೆಗಳಿಗೆ ಸೇರಿದ ಅನೇಕ ಪದಗಳನ್ನು ಆದಿತಾಳಕ್ಕೆ ಒಗ್ಗಿಸಿ ಹಾಡುವುದುಂಟು. ಪಂಚಮಾತ್ರೆಯ ಗಣವನ್ನು ಚತುರಶ್ರಕ್ಕೆ ಬಗ್ಗಿಸಿದಾಗ ಎಲ್ಲಿಯೋ ಒಂದು ಲಘುವನ್ನು ಗುರುವಾಗಿಸಬೇಕಾಗುತ್ತದೆ, ಇಲ್ಲವೆ ಪದದ ನಡುವೆ ಬಿಡುವು ಕೊಡಬೇಕಾಗುತ್ತದೆ. ಮೇಲೆ ಹೇಳಿದ ಪದಚ್ಛೇದ ದೋಷಗಳಿಗೂ ಹ್ರಸ್ವದೀರ್ಘ ದೋಷಗಳಿಗೂ ಬಹುಮಟ್ಟಿಗೆ ಮೂಲ ಇಲ್ಲಿಯೇ ಇದೆ.

ಕೊನೆಯದು ರಾಗ. ಮೇಲಿನ ನಾಲ್ಕನ್ನೂ ನಿರ್ಣಯಿಸಿಕೊಂಡ ಬಳಿಕ ರಾಗದ ವಿಷಯದಲ್ಲಿ ಗಾಯಕನು ಹೆಚ್ಚು ಸ್ವತಂತ್ರನು. ತಲೆಬರೆಹದ ರಾಗವಿದ್ದರೆ ಅದನ್ನು ಮೊದಲು ಪರೀಕ್ಷಿಸುವುದು ಧರ್ಮ. ಪ್ರತಿಗಳು ಒಂದಕ್ಕೊಂದು ವಿರೋಧಿಸಿದರೆ, ಅಥವಾ ಹೆಸರಿಸಿದ ರಾಗವು ಲುಪ್ತವಾಗಿದ್ದರೆ, ಪದದ ಭಾವಕ್ಕೂ ನಡೆಗೂ ಹೊಂದುವ ರಾಗವನ್ನು ಅವನು ಆರಿಸಿಕೊಳ್ಳಬಹುದು. ಸಿಂಧುಭೈರವಿ ಬೇಹಾಗ್ ಮೊದಲಾದ ಈಚಿನ ರಾಗಗಳಾದರೂ ಅಡ್ಡಿಯಿಲ್ಲ. ಆದರೆ ರಾಗಕ್ಕಾಗಿ ಮೊದಲಿನ ನಾಲ್ಕನ್ನು ಬಲಿಕೊಡತಕ್ಕದ್ದಲ್ಲ.

೬

ಇದಕ್ಕೆ ಬರಬಹುದಾದ ಎರಡು ಆಕ್ಷೇಪಗಳನ್ನು ಎತ್ತಿಕೊಳ್ಳಬೇಕು. ಗಾನವು ಸಜೀವವಾದ ಕಲೆ, ಅದನ್ನು ಗ್ರಂಥಸಂಪಾದನೆಯ ಅಳತೆಗೋಲಿನಿಂದ ಅಳೆಯಬಾರದು ಎಂಬುದು ಮೊದಲನೆಯದು. ಕೃಷ್ಣಪ್ಪನವರಂಥವರು ಪ್ರಮಾಣಕ್ಕಾಗಿ ಕಾದು ಕುಳಿತಿದ್ದರೆ ದೇವರನಾಮವು ವಿದ್ವತ್ಸಭೆಯಲ್ಲಿ ಈ ಪದವಿಗೆ ಏರುತ್ತಿರಲಿಲ್ಲವೆಂಬುದು ನಿಜ. ಆದರೆ ನಾವು ಹೇಳಿದ ಕ್ರಮವು ಗಾಯಕನ ಕೈಯನ್ನು ಕಟ್ಟುವುದಿಲ್ಲ. ಎಲ್ಲಿ ಸ್ವಾತಂತ್ರ್ಯ ಹೆಚ್ಚು, ಎಲ್ಲಿ ಕಡಮೆ ಎಂಬುದನ್ನು ತೋರಿಸುತ್ತದೆ. ರಾಗದಲ್ಲಿ ಗಮಕದಲ್ಲಿ ವಿಸ್ತಾರದಲ್ಲಿ ಅವನು ಶಾರ್ಙ್ಗದೇವನು ಹೇಳಿದ ಭಾವಕನಾಗಲಿ. ಮಾತಿನ ವಿಷಯದಲ್ಲಿ ಶಿಕ್ಷಾಕಾರನೇ ಆಗಿರಲಿ.

ಎರಡನೆಯ ಆಕ್ಷೇಪ ಇದಕ್ಕಿಂತ ಬಲವಾದುದು. ಬಾಯಿಂದ ಬಾಯಿಗೆ ಬಂದ ಪದಗಳಲ್ಲಿ ಮಾತೂ ಮಾರ್ಪಟ್ಟಿಲ್ಲವೇ, ಅದನ್ನು ಮಾತ್ರ ಸ್ಥಿರವೆಂದು ಹಿಡಿಯುವುದು ಹೇಗೆ? ಮಾರ್ಪಟ್ಟಿರುವುದು ನಿಜ. ಪುರಂದರವಿಠಲಾಂಕಿತವಿರುವ ಪದಗಳೆಲ್ಲವೂ ದಾಸರವೇ ಎಂದು ಯಾರೂ ಪ್ರಮಾಣಮಾಡಿ ಹೇಳಲಾರರು. ಆದರೆ ಮಾತಿನ ಮಾರ್ಪಾಡನ್ನು ಕಂಡುಹಿಡಿಯಲು ನಮ್ಮ ಬಳಿ ಸಾಧನಗಳಿವೆ: ಹಸ್ತಪ್ರತಿ, ಛಂದಸ್ಸು, ಪ್ರಾಸ, ಭಾಷೆಯ ರೂಪ, ಸಿದ್ಧಾಂತದ ಸಂಗತಿ. ಧಾತುವಿಗೆ ಇಂಥ ಸಾಧನಗಳು ಬಹು ವಿರಳ. ಸಾಧನಗಳಿರುವ ಕಡೆ ಅವುಗಳನ್ನು ಬಳಸದಿರುವುದಕ್ಕೆ ಬೇರೊಂದು ಕಡೆ ಸಾಧನಗಳಿಲ್ಲವೆಂಬುದು ಕಾರಣವಾಗಲಾರದು.

ಇಲ್ಲಿ ಸಾಹಿತ್ಯದ ಅಧ್ಯಾಪಕರಿಗೂ ಒಂದು ಹೊಣೆಯುಂಟು. ಕಚೇರಿಯಲ್ಲಿ ಮೂರು ಚರಣಗಳಿಗೆ ಇಳಿದ ಪದವು ಹಾಡುಗಬ್ಬದ ಪುಸ್ತಕಗಳಲ್ಲಿ ಮೂರೇ ಚರಣಗಳಾಗಿ ಅಚ್ಚಾಗುತ್ತದೆ. ಅಲ್ಲಿಂದ ಪಾಠಪುಸ್ತಕಕ್ಕೆ ಬರುತ್ತದೆ. ತಾಳದ ಅನುಕೂಲಕ್ಕಾಗಿ ಗಾಯಕನು ಸೇರಿಸಿದ ಒಂದು ಸಂಬೋಧನೆ, ಬಿಟ್ಟ ಒಂದು ವಿಭಕ್ತಿಪ್ರತ್ಯಯ ಕಾಲಕ್ರಮದಲ್ಲಿ ಪಾಠವಾಗಿ ನಿಲ್ಲುತ್ತದೆ. ಗಾಯಕನ ಪಾಠವನ್ನು ಹಸ್ತಪ್ರತಿಯ ಪಾಠದೊಡನೆ ಸಮಾನವಾಗಿ ಎಣಿಸುವ ಸಂಪಾದಕನು ಈ ತಪ್ಪಿನಲ್ಲಿ ಭಾಗಿಯಾಗುತ್ತಾನೆ. ಅದಕ್ಕೆ ಪ್ರತಿಯಾಗಿ, ಛಂದಸ್ಸನ್ನು ಬಲ್ಲ ಅಧ್ಯಾಪಕನು ಪದದ ಗಣವಿಭಾಗವನ್ನು ಬಿಡಿಸಿ ತೋರಿಸಿದರೆ ಗಾಯಕನಿಗೆ ತಾಳದ ನಿರ್ಣಯದಲ್ಲಿ ದೊಡ್ಡ ಉಪಕಾರವಾಗುತ್ತದೆ. ಇವೆರಡು ವಿದ್ಯೆಗಳೂ ಒಬ್ಬ ದಾಸನಲ್ಲಿ ಕೂಡಿದ್ದುವು. ಈಗ ಇಬ್ಬರಲ್ಲಿ ಹಂಚಿಹೋಗಿರುವುದರಿಂದ, ಆ ಇಬ್ಬರೂ ಒಟ್ಟಿಗೆ ಕುಳಿತು ಕೆಲಸಮಾಡುವುದು ಅವಶ್ಯಕ.

ಕಡೆಯದಾಗಿ ಒಂದು ಸೂಚನೆ. ಸಭೆಯಲ್ಲಿ ದೇವರನಾಮವನ್ನು ಹಾಡುವಾಗ 'ರಚನೆ ಪುರಂದರದಾಸರದು' ಎಂದು ಹೇಳುವಂತೆ, ವರ್ಣಮೆಟ್ಟು ಯಾರದೆಂದು ತಿಳಿದಿದ್ದರೆ ಅವರ ಹೆಸರನ್ನೂ ಹೇಳುವ ವಾಡಿಕೆಯನ್ನು ಎಲ್ಲರೂ ಕೈಕೊಳ್ಳುವುದು ಒಳ್ಳೆಯದು. ಇದರಿಂದ ದಾಸರಿಗೆ ಕುಂದಿಲ್ಲ. ಮೆಟ್ಟು ಹಾಕಿದವರಿಗೆ ಸಲ್ಲಬೇಕಾದುದು ಸಲ್ಲುತ್ತದೆ. ಮುಂದಿನವರಿಗೆ ಸಂಶೋಧನೆಯ ಎಳೆ ಸಿಕ್ಕುತ್ತದೆ. ಪುಸ್ತಕಗಳಲ್ಲಿಯೂ ರಾಗತಾಳಗಳ ಹೆಸರಿನ ಮುಂದೆ, ಅದು ಯಾವ ಪ್ರತಿಯಿಂದ ಅಥವಾ ಯಾರ ಪಾಠದಿಂದ ಬಂದುದೆಂಬುದನ್ನು ಸಂಪಾದಕರು ಸೂಚಿಸಬಹುದು. ಗಾಯಕನ ಅಡಿಟಿಪ್ಪಣಿಗಳು ಹೀಗೆ ಒಂದೊಂದಾಗಿ ಕೂಡಿಬಂದರೆ ದೇವರನಾಮಗಳ ಗಾನಚರಿತ್ರೆಯನ್ನು ಬರೆಯುವುದು ಸಾಧ್ಯವಾಗುತ್ತದೆ. ಈ ವಿಷಯವನ್ನು ಸಂಗೀತಜ್ಞರೂ ಸಾಹಿತ್ಯಜ್ಞರೂ ಕೂಡಿ ಹೆಚ್ಚಾಗಿ ಪರಾಮರ್ಶಿಸಿ, ಇಲ್ಲಿ ಹೇಳಿದುದರಲ್ಲಿ ತಪ್ಪಿದ್ದರೆ ತಿದ್ದಬೇಕೆಂದು ಪ್ರಾರ್ಥನೆ.